ಕಾವಲಿನ ಹಕ್ಕಿ

ರಾತ್ರಿಯ ಸಂಗೀತ ಕಛೇರಿಯಲ್ಲಿ ಡ್ರಮ್ಮು ನಿಂತ ಕ್ಷಣ, ಇಂದುಮತಿಯ ಹೆಡ್‌ಫೋನಿನಲ್ಲಿ ಸಣ್ಣದೊಂದು ಸಿಳ್ಳೆ ಕೇಳಿಸಿತು.

ದನ ಮೇಯುತ್ತಿದ್ದ ಕಾವಲು ಬಯಲಿಗೆ, ಹುಲ್ಲು ಉಳಿಯಲೆಂದು, ಬೇಲಿ ಹಾಕಿ ಒಂದು ತಲೆಮಾರಾಗಿತ್ತು. ಒಳಗೆ ಕಾಲಿಟ್ಟವರಿಗೆ ಜೈಲು. ಜನ ಹುಲ್ಲು ನೋಡುವುದು ಈಗ ಸಭಾಂಗಣದ ಗೋಡೆಗಳ ಮೇಲೆ ಮೂಡುವ ಚಿತ್ರಗಳಲ್ಲಿ. ಕಾವಲಿನಲ್ಲಿಟ್ಟ ಮೈಕಿನಿಂದ ಅಲ್ಲಿನ ಗಾಳಿಯ ಸದ್ದು ಹರಿದುಬರುತ್ತಿತ್ತು, ಜಾಜ್‌ನವರು ಅದರ ಜೊತೆಗೆ ನುಡಿಸುತ್ತಿದ್ದರು. ಎರಡನ್ನೂ ಹದವಾಗಿ ಬೆರೆಸುವುದು ಇಂದುಮತಿಯ ಕೆಲಸ.

ನಾಲಿಗೆ ಮಡಿಸಿ ಊದಿ ಕೊನೆಯಲ್ಲಿ ಸ್ವರ ಮೇಲೆತ್ತುವ ಸಿಳ್ಳೆ ಅದು. ದನಗಳನ್ನು ನೀರಿಗೆ ಕರೆಯಲು ಅವಳ ತಾತ ಹಾಗೆಯೇ ಊದುತ್ತಿದ್ದ. ಈಗ ಅಲ್ಲಿ ದನಗಳೇ ಇಲ್ಲ. ಆದರೂ ಯಾರೋ ಬೇಲಿ ದಾಟಿ, ಬೆಳದಿಂಗಳಲ್ಲಿ ನಿಂತು ಕರೆಯುತ್ತಿದ್ದಾರೆ.

ಬೇಲಿಯ ಕಾವಲುಗಾರರನ್ನು ಎಚ್ಚರಿಸುವ ಗುಂಡಿಯ ಮೇಲೆ ಅವಳು ಬೆರಳಿಟ್ಟಳು. ಅಷ್ಟರಲ್ಲಿ ಸ್ಯಾಕ್ಸೊಫೋನಿನ ಜೋಕಿಂ ಆ ಸಿಳ್ಳೆಯನ್ನೇ ಹಿಡಿದು ನುಡಿಸತೊಡಗಿದ. ಅವಳು ಬೆರಳು ತೆಗೆದು, ಸಿಳ್ಳೆ ಮುಚ್ಚಿಹೋಗುವಂತೆ ಅವನ ಸ್ಯಾಕ್ಸೊಫೋನಿನ ದನಿಯನ್ನು ಏರಿಸಿದಳು.

"ಮೇಡಂ, ಅದ್ಯಾವ ಹಕ್ಕಿ? ಒಳ್ಳೇ ಶ್ರುತೀಲಿ ಕೂಗ್ತು," ಎಂದ ಜೋಕಿಂ, ಕಛೇರಿ ಮುಗಿದ ಮೇಲೆ.

"ನಿಂಗಿಂತ ಚೆನ್ನಾಗೇ ಕೂಗ್ತು ಬಿಡಪ್ಪ."

"ನಾಳೇನೂ ಬರುತ್ತಾ?"

"ಬಂದ್ರೆ ಬರಲಿ."

ಮನೆಗೆ ನಡೆಯುತ್ತಾ ಅವಳು ಬಾಯೊಳಗೇ ನಾಲಿಗೆ ಮಡಿಸಿ ನೋಡಿದಳು. ಹಕ್ಕಿ ಹಕ್ಕಿಯಾಗಿಯೇ ಇರಲಿ, ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.