ಶುಭೋದಯ ತಪ್ಪಿಸುವ ಪಾಳಿ

ನಂಬಿದರೆ ನಂಬಿ, ಇದು ನಡೆದದ್ದೇ. ಹೃದಯದ ತೊಂದರೆ ಇರುವವರ ನಮ್ಮ ವಾಟ್ಸಾಪ್ ಗುಂಪಿಗೆ ವೃಷಭರಾಜರನ್ನು ಹೊಸ ಅಡ್ಮಿನ್ ಮಾಡಿದೆವು. ಬೈಪಾಸ್ ಆದಮೇಲೆ ಮಾತೇ ಬಿಟ್ಟಿದ್ದ ಮನುಷ್ಯ. ಒಲ್ಲೆ ಎನ್ನುವುದಕ್ಕೂ ಬಾಯಿ ತೆರೆಯದೆ ಸಿಕ್ಕಿಬಿದ್ದರು. ಸ್ವಾಗತದ ಹೂಗುಚ್ಛಗಳು ಪರದೆ ತುಂಬ ಸುರಿದವು.

ಅಡ್ಮಿನ್ನಿನ ಕೆಲಸ ಒಂದೇ. ಬೆಳಿಗ್ಗೆ ಎಲ್ಲರೂ ಗುಂಪಿನಲ್ಲಿ ಶುಭೋದಯ ಹಾಕಬೇಕು. ಹಾಕದವರಿಗೆ ಫೋನ್ ಮಾಡಿ, ಇದ್ದಾರೋ ಇಲ್ಲವೋ ವಿಚಾರಿಸಬೇಕು.

ದಿನಕ್ಕೊಬ್ಬರಾದರೂ ತಪ್ಪಿಸುತ್ತಿದ್ದರು. ಫೋನ್ ಮಾಡಿದರೆ ಬೇಗ ಇಡುತ್ತಲೂ ಇರಲಿಲ್ಲ. “ನಾ ಆರಾಮ ಅದೀನ್ರಿ. ನೀವು ಗುಳಿಗಿ ತಗೊಂಡ್ರೇನು? ನಾಷ್ಟಾ ಏನ್ ಮಾಡಿದ್ರಿ?”

ಕೆಲವೇ ವಾರಗಳಲ್ಲಿ ನನಗೆ ವೃಷಭರಾಜರ ಫೋನ್ ಬಂತು.

“ನನ್ನ ಬಿಟ್ಟುಬಿಡ್ರಿ ಅಕ್ಕಾರ. ಜೈಲಿನ್ಯಾಗ ಕುಂತಂಗ ಆಗೈತಿ. ಒಬ್ಬರದು ಬರ್ಲಿಲ್ಲಂದ್ರ ಎದಿ ಧಸಕ್ ಅಂತೈತಿ. ಬಿಟ್ಟು ಹೋಗಾಕೂ ಧೈರ್ಯ ಇಲ್ಲ.”

ನಾನು ನಮ್ಮ ಡಾಕ್ಟರರ ಮೂಗುದನಿ ತೆಗೆದೆ. “ರಾಜೀನಾಮೆ ಊಟ ಆದಮ್ಯಾಲ ಕೊಡಬೇಕು. ಖಾಲಿ ಹೊಟ್ಟೀಲೆ ಬ್ಯಾಡ.”

ಅವರು ನಗಲಿಲ್ಲ.

ಆ ಸಂಜೆ, ಅವರೊಬ್ಬರನ್ನು ಬಿಟ್ಟು ನಾವೆಲ್ಲ ಕಟ್ಟಿಕೊಂಡಿದ್ದ ಇನ್ನೊಂದು ಗುಂಪಿಗೆ ಕಳಿಸಬೇಕಿದ್ದ ಸಂದೇಶವನ್ನು ಕೈತಪ್ಪಿ ದೊಡ್ಡ ಗುಂಪಿಗೇ ಹಾಕಿಬಿಟ್ಟೆ: “ನಾಳೆ ಶುಭೋದಯ ತಪ್ಪಿಸುವ ಪಾಳಿ ಯಾರದು? ವೃಷಭರಾಜರು ಫೋನ್ ಮಾಡಿದಾಗ ಗುಳಿಗೆ ತಗೊಂಡರಾ ಎಂದು ಕೇಳಿ. ಮಾತು ಬೇಗ ಮುಗಿಸಬೇಡಿ.”

ಅಳಿಸುವಷ್ಟರಲ್ಲಿ ಅವರ ಧ್ವನಿಸಂದೇಶ ಬಂತು. ಬರೀ ನಗು; ಕೆಮ್ಮು ಹತ್ತುವವರೆಗೂ ನಗು. ಆಮೇಲೆ ಒಂದು ಮಾತು:

“ನಾಳೆ ಯಾರ ಪಾಳಿ ಇದ್ರೂ ಜಲ್ದಿ ತಪ್ಪಿಸ್ರಿ, ನಾ ಫೋನ್ ಹಿಡ್ಕೊಂಡು ಕುಂತಿರ್ತೀನಿ.”