ಗದುಗಿನಲ್ಲಿ ಬೆಳೆದ ಗರ್ಭಕೋಶ

ಗದುಗಿನ ಆಸ್ಪತ್ರೆಯಲ್ಲಿ ಗರ್ಭಕೋಶ ಬೆಳೆಸಿಕೊಡುವುದು ಈಗ ಹಲ್ಲು ಕಟ್ಟಿಸಿದಷ್ಟೇ ಸಾಮಾನ್ಯ. ದಾಕ್ಷಾಯಣಿಯದು ಹುಟ್ಟಿನಿಂದಲೇ ಅರ್ಧ ಬೆಳೆದದ್ದು. ಅವಳು ಹೊಟ್ಟೆಯಲ್ಲಿದ್ದಾಗ, ಬಸಿರು ನಿಲ್ಲಲೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ತಾಯಿ ಶಿವಗಂಗವ್ವ ನುಂಗಿದ್ದಳು. ಅದರಿಂದಲೇ ಹೀಗಾಯಿತೆಂದು ಗೊತ್ತಾದದ್ದು ಮಗಳು ದೊಡ್ಡವಳಾದ ಮೇಲೆ.

ಹೊಸದನ್ನು ಬೆಳೆಸಲು ತಾಯಿಯ ಗರ್ಭಕೋಶದ ಚೂರೊಂದು ಬೇಕಿತ್ತು. ಶಿವಗಂಗವ್ವ ಆಪರೇಷನ್ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

“ನಂದು ಬ್ಯಾಡವಾ. ಒಮ್ಮೆ ಕೆಡಸೇನಿ, ಮತ್ತ ಕೆಡಸಬೇಕೇನು?”

“ನಿಮ್ಮದೇನೂ ಕೆಟ್ಟಿಲ್ರೀ, ಗಟ್ಟಿ ಐತಿ,” ಎಂದರು ಡಾಕ್ಟರಮ್ಮ.

ಶಿವಗಂಗವ್ವ ಅಲುಗಲಿಲ್ಲ. ದಾಕ್ಷಾಯಣಿ ಅವಳ ಕೈ ಹಿಡಿದಳು. “ಆ ಗುಳಿಗಿ ನುಂಗುವಾಗ ಏನ್ ಬೇಡ್ಕೊಂಡಿದ್ದಿ ಅವ್ವಾ?”

“ನಿನ್ನ ಮುಂಚೆ ಎರಡು ಹೋಗಿದ್ವು. ಇದೊಂದು ಕೂಸರ ಉಳೀಲಿ ಅಂತ.”

“ಉಳದೇನಿ ನೋಡು. ನಡಿ ಒಳಗ.”

ಕೆಲವು ತಿಂಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮುಷ್ಟಿಯಷ್ಟು ಗರ್ಭಕೋಶ ಗುಲಾಬಿ ಬಣ್ಣಕ್ಕೆ ತಿರುಗಿತು. ತಾಯಿ ಮಗಳು ನೋಡುತ್ತ ನಿಂತಿದ್ದಾಗ ನರ್ಸ್ ಅದಕ್ಕೆ ಔಷಧದ ಹನಿ ಹಾಕಲು ಬಂದಳು. ಅಂದು ಗುಳಿಗೆ ಕೊಟ್ಟ ವೈದ್ಯರನ್ನು ಏನೂ ಕೇಳದೆ ನುಂಗಿದ್ದ ಶಿವಗಂಗವ್ವ ಪೆಟ್ಟಿಗೆಗೆ ಅಡ್ಡ ಬಂದಳು.

“ಇದು ಯಾತರ ಔಷಧ? ಮುಂದ ಹುಟ್ಟೋ ಕೂಸಿಗೆ ಏನಾಕ್ಕೈತಿ? ಮೊದಲು ಹೇಳವಾ, ಆಮ್ಯಾಲೆ ಹಾಕು.”

ನರ್ಸ್ ಸೀಸೆಯನ್ನು ಕೆಳಗಿಟ್ಟು, ಕುರ್ಚಿ ಎಳೆದು ಆಕೆಯನ್ನು ಕೂರಿಸಿ, ಹೇಳತೊಡಗಿದಳು.