ಮುನಿಸಿಕೊಂಡ ಗಾಡಿ

ಹದಿನೆಂಟು ವರ್ಷ ಶೇಖರಯ್ಯನ ಕೈಯಲ್ಲೇ ಪಳಗಿದ್ದ, ಸರಕು ಎತ್ತುವ ಬ್ಯಾಟರಿ ಫೋರ್ಕ್‌ಲಿಫ್ಟ್ ಒಂದು ವಾರದಿಂದ ಅವನ ಮೇಲೆ ಮುನಿಸಿಕೊಂಡಿತ್ತು. ಅವನು ಕೂತರೆ ನಾಲ್ಕು ಮಾರು ಹೋಗಿ ಗಕ್ಕನೆ ನಿಲ್ಲುತ್ತಿತ್ತು. ಮೇಸ್ತ್ರಿ ಕೂತರೂ ಮ್ಯಾನೇಜರ್ ಕೂತರೂ ಗೋದಾಮೆಲ್ಲ ಓಡಾಡುತ್ತಿತ್ತು.

"ಇವತ್ತು ರಿಪೇರಿ ಆಗ್ಲಿಲ್ಲ ಅಂದ್ರೆ ಗುಜರಿಗೆ," ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಮೆಕ್ಯಾನಿಕ್ ಇಮಾಮ್ ಸಾಬರು ಬ್ಯಾಟರಿ ನೋಡಿದರು, ಫ್ಯೂಸ್ ನೋಡಿದರು, ಒಂದೊಂದೇ ವೈರನ್ನು ಎಳೆದು ನೋಡಿದರು. ಕೊನೆಗೆ ತಮ್ಮ ಡೊಳ್ಳುಹೊಟ್ಟೆಯೊಂದಿಗೆ ತಾವೇ ಹತ್ತಿ ಕೂತರು. ಗಾಡಿ ಸಲೀಸಾಗಿ ಎರಡು ಸುತ್ತು ಹಾಕಿ ಬಂತು.

ಶೇಖರಯ್ಯ ಹತ್ತಿದ. ನಿಂತೇಹೋಯಿತು.

"ನೋಡಿದ್ರಾ ಸಾಬ್ರೆ? ನಾನೇನು ಅನ್ಯಾಯ ಮಾಡಿದೀನಿ ಇದಕ್ಕೆ?" ಅವನು ಕೆಳಗಿಳಿದು, ಜಾರುತ್ತಿದ್ದ ಪ್ಯಾಂಟನ್ನು ಮೇಲಕ್ಕೆಳೆದುಕೊಂಡ.

ಸಾಬರ ಕಣ್ಣು ಪ್ಯಾಂಟಿನ ಮೇಲೆ ನಿಂತಿತು. ಸೀಟಿನ ಕೆಳಗೆ ಕೈಹಾಕಿ ಏನನ್ನೋ ಒತ್ತಿ ನೋಡಿದರು.

"ಇಲ್ಲೊಂದು ಸ್ವಿಚ್ ಐತೆ. ಸೀಟಿನ ಮೇಲೆ ಆಳು ಕೂತವ್ನೆ ಅಂತ ಗೊತ್ತಾದ್ರೇನೇ ಇದು ಕರೆಂಟು ಬಿಡೋದು."

"ಕೆಟ್ಟಿದೆಯಾ?"

"ಚೆನ್ನಾಗೈತೆ. ಡಬ್ಬಿಗೆ ಏನು ತರ್ತೀರಿ?"

"ಮೂರು ತಿಂಗಳಿಂದ ಬರೀ ಸೌತೆಕಾಯಿ. ಶುಗರ್ ಅಂತ ಮನೆಯೋಳು ಅನ್ನ ಮುಟ್ಟೋಕೆ ಬಿಡಲ್ಲ. ಹನ್ನೊಂದು ಕೆಜಿ ಇಳಿದೋದೆ."

ಅಷ್ಟರಲ್ಲಿ ಮ್ಯಾನೇಜರ್ ಬಂದರು. "ಏನು ಸಾಬ್ರೆ, ಯಾವ ಪಾರ್ಟ್ ತರಿಸ್ಬೇಕು?"

ಸಾಬರು ಕಿವಿಯ ಮೇಲಿದ್ದ ಪೆನ್ನು ತೆಗೆದು ಚೀಟಿ ಬರೆದುಕೊಟ್ಟರು: "ಗಾಡಿ ಸರಿಯಾಗಿದೆ. ಡ್ರೈವರಿಗೆ ದಿನಾ ಎರಡು ಮುದ್ದೆ."